ಖಾರವಿಲ್ಲದ ಎಡೆ

ಮಕ್ಕಳೇ, ಮಹಾಲಯ ಅಮಾವಾಸ್ಯೆಯ ದಿನ ನಾನು ಹಿರಿಯರಿಗೆ ಎಡೆ ಇಡುವಾಗ ಎರಡು ಎಲೆಗಳನ್ನು ಸಾಲಿನಿಂದ ಸ್ವಲ್ಪ ಆಚೆಗೆ, ಒಂದಕ್ಕೊಂದು ತಾಗುವಂತೆ ಹಾಕುವುದನ್ನು ನೀವು ನೋಡಿದ್ದೀರಿ. ಒಂದು ಚಿಕ್ಕ ಎಲೆ, ಒಂದು ದೊಡ್ಡದು. ದೊಡ್ಡ ಎಲೆಗೆ ಬಡಿಸುವ ಸಾರಿಗೆ ನಾನು ಮೆಣಸಿನಕಾಯಿ ಹಾಕುವುದಿಲ್ಲ. ಚಿಕ್ಕ ಎಲೆ ನಮ್ಮ ಮನೆಯ ಒಂದು ಹೆಣ್ಣುಮಗುವಿನದು. ದೊಡ್ಡದು, ಯುದ್ಧದ ಕಾಲದಲ್ಲಿ ಆ ಮಗುವಿನ ಮೇಲೆ ಬಿದ್ದ ವಿಮಾನವನ್ನು ಓಡಿಸುತ್ತಿದ್ದ ಬಿಳಿಯನದು.

ಹೋದ ವರ್ಷದಿಂದ ಆ ದೊಡ್ಡ ಎಲೆಯ ವಿಚಾರವಾಗಿ ನನಗೆ ಸಮಾಧಾನವಿಲ್ಲ. ಕೂತಲ್ಲಿ ಕೂರಲಾಗುವುದಿಲ್ಲ, ಹಿಡಿದ ಕೆಲಸ ಕೈಗೆ ಹತ್ತುವುದಿಲ್ಲ. ಬಾಯಲ್ಲಿ ಹೇಳೋಣವೆಂದರೆ ನಾಲ್ಕು ಜನರ ಎದುರು ನನಗೆ ಮಾತೇ ಹೊರಡುವುದಿಲ್ಲ. ನಿಮಗೂ ನನ್ನ ಮಾತು ಅರ್ಧ ತಿಳಿಯುತ್ತದೆ, ಅರ್ಧ ಹಾರಿಹೋಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ನಾನು ಓದಿದ್ದು ಊರಿನ ಶಾಲೆಯಲ್ಲಿ, ಒಬ್ಬರೇ ಮೇಷ್ಟರು ಎಲ್ಲ ತರಗತಿಗಳನ್ನೂ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ. ತಪ್ಪಿದ್ದರೆ ನಿಮ್ಮ ಅಮ್ಮ ತಿದ್ದಿ ಓದಿ ಹೇಳಲಿ.

ನಾನು ಮದುವೆಯಾಗಿ ಹೋದ ಊರು ಬೆಂಗಳೂರಿನ ಉತ್ತರಕ್ಕಿತ್ತು. ನಾನು ಹುಟ್ಟುವ ಮೊದಲು, ಜಪಾನಿನವರ ಮೇಲೆ ಯುದ್ಧ ನಡೆಯುತ್ತಿದ್ದಾಗ, ಬ್ರಿಟಿಷರು ಆ ಊರಿನ ಆಚೆಯ ಬಯಲಿನಲ್ಲಿ ವಿಮಾನ ಇಳಿಯುವ ಜಾಗ ಮಾಡಿಕೊಂಡಿದ್ದರು. ಊರಿನವರು ಅದನ್ನು ಏರೋಡ್ರಮ್ಮು ಎನ್ನುತ್ತಿದ್ದರು. ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗರು ಅಲ್ಲಿ ವಿಮಾನ ಓಡಿಸಿ ಕೈ ಪಳಗಿಸಿಕೊಳ್ಳುತ್ತಿದ್ದರಂತೆ. ಹಾಗೆ ಪಳಗುವಾಗ ಆಗಾಗ ಬೀಳುತ್ತಿದ್ದರಂತೆ. ಒಂದು ವಿಮಾನ ಕೆರೆಗೆ ಬಿತ್ತು, ಇನ್ನೊಂದು ಯಾರದೋ ಮಾವಿನ ತೋಪಿಗೆ ನುಗ್ಗಿತು. ಜನ ಗಾಡಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದರು. ನಮ್ಮ ಹೊಲಕ್ಕೆ ಬಿದ್ದದ್ದು ರಾಗಿ ತೆನೆ ಕಟ್ಟುತ್ತಿದ್ದ ಹೊತ್ತಿನಲ್ಲಿ.

ಅದನ್ನು ಕಣ್ಣಾರೆ ಕಂಡವರು ನನ್ನ ಅತ್ತೆ, ಅಂದರೆ ನಿಮ್ಮ ತಾತನ ಅಮ್ಮ. ಆಗ ಅವರು ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಅವರ ಗಂಡನ ತಂಗಿ, ಮುಂದಿನ ಹಲ್ಲು ಬಿದ್ದು ಹೊಸದು ಹುಟ್ಟದ ವಯಸ್ಸಿನವಳು, ಬದುವಿನ ಮೇಲೆ ಮೇಕೆ ಮೇಯಿಸುತ್ತಿದ್ದಳು. ಅತ್ತೆ ಅವಳಿಗೂ ದೂರದ ತಾಕಿನಲ್ಲಿ ಕೆಲಸ ಮಾಡುತ್ತಿದ್ದವರಿಗೂ ಮಂಕರಿಯಲ್ಲಿ ಮುದ್ದೆ ಹೊತ್ತುಕೊಂಡು ಬರುತ್ತಿದ್ದರು.

"ಮಂಕರಿ ಕೆಳಗಿಡಬೇಕು ಅನ್ನೋದೂ ತೋಚ್ಲಿಲ್ಲ ಕಣೆ. ತಲೆ ಮೇಲೆ ಇಟ್ಕೊಂಡೇ ನಿಂತ್ಬಿಟ್ಟೆ. ನನ್ನ ನೋಡಿ ಕೈ ಬೀಸಿದ್ಲು. ಆಮೇಲೆ ಬದೂ ಇಲ್ಲ, ಅವ್ಳೂ ಇಲ್ಲ, ಬರೀ ಹೊಗೆ."

ಅತ್ತೆ ಇದನ್ನು ನನಗೆ ಹೇಳುತ್ತಿದ್ದದ್ದು ವರ್ಷಕ್ಕೊಮ್ಮೆ, ಹಬ್ಬದ ಅಡಿಗೆ ಮಾಡುವಾಗ ಮಾತ್ರ. ಬೇರೆ ದಿನ ಕೇಳಿದರೆ ಗದರುತ್ತಿದ್ದರು. ಸಿಪಾಯಿಗಳು ಲಾರಿಯಲ್ಲಿ ಬಂದು ಯಾರನ್ನೂ ಹತ್ತಿರ ಬಿಡಲಿಲ್ಲವಂತೆ. ಬೆಂಕಿ ತಣ್ಣಗಾದ ಮೇಲೆ ಕ್ಯಾನ್‌ವಾಸಿನಲ್ಲಿ ಏನನ್ನೋ ಸುತ್ತಿ ಲಾರಿಗೆ ಹಾಕಿದರು. ಓಡಿಸುತ್ತಿದ್ದವನ ಹೆಣ ಅದು ಎಂದು ಊರೆಲ್ಲ ಅಂದುಕೊಂಡಿತು. ಆಮೇಲೆ ಮಗುವನ್ನು ಅವಳ ಅಪ್ಪನ ಕೈಗೆ ಕೊಟ್ಟರು. ಅವರು ಎತ್ತಿಕೊಂಡು ಹೋಗುವಾಗ ಒಬ್ಬ ಆಫೀಸರು ಟೋಪಿ ತೆಗೆದು ನಿಂತನಂತೆ.

ಮಾರನೆಯ ವರ್ಷದ ಮಹಾಲಯಕ್ಕೆ ಮಗುವಿನ ತಾಯಿ ಎರಡು ಎಲೆ ಹಾಕಿದರು. ಅಷ್ಟು ಚಿಕ್ಕವರಿಗೆ ಎಡೆ ಇಡುವ ಪದ್ಧತಿ ಆ ಕಡೆ ಇರಲಿಲ್ಲ. ಅದನ್ನಾದರೂ ಜನ ಒಪ್ಪಿದರು. ಇನ್ನೊಂದು ಎಲೆ ಯಾರದೆಂದು ತಿಳಿದಾಗ ನೆಂಟರಿಷ್ಟರೆಲ್ಲ ರೇಗಿದರಂತೆ. "ಮಗಳನ್ನ ತಿಂದೋನಿಗೆ ಅನ್ನ ಇಡ್ತೀಯಾ? ನಿಂಗೇನು ತಲೆ ಕೆಟ್ಟಿದೆಯಾ?" ಎಂದು ಅವರ ಅಣ್ಣನೇ ಎಲೆ ಎತ್ತಿ ಬಿಸಾಡಲು ಹೋದರಂತೆ. ಆ ತಾಯಿ ಎಲೆಯ ಮುಂದೆ ಅಡ್ಡ ಕೂತು ಹೇಳಿದ ಮಾತನ್ನು ಅತ್ತೆ ಇದ್ದದ್ದು ಇದ್ದ ಹಾಗೇ ಹೇಳುತ್ತಿದ್ದರು.

"ಕತ್ಲೆ ಕಂಡ್ರೆ ಹೆದರೋ ಮಗು ಅದು. ಹಿತ್ಲಿಗೆ ಹೋಗ್ಬೇಕಾದ್ರೂ ನನ್ ಸೆರಗು ಬಿಡ್ತಿರ್ಲಿಲ್ಲ. ಅಷ್ಟು ದೂರ ಒಂದೇ ಹೆಂಗೆ ಹೋಗುತ್ತೆ? ಅವ್ನೂ ಅದೇ ಗಳಿಗೇಲಿ ಹೋದ. ಕೈ ಹಿಡ್ಕೊಂಡು ಕರ್ಕೊಂಡೋಗಿರ್ತಾನೆ. ನಮ್ಮನೆ ಅನ್ನ ತಿಂದ್ರೆ ನಮ್ ಮಗೀನ ನಡುದಾರೀಲಿ ಬಿಡಲ್ಲ."

ಎಲೆ ಅಲ್ಲೇ ಉಳಿಯಿತಂತೆ.

ಏರೋಡ್ರಮ್ಮಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಊರಿನವನೊಬ್ಬ, ಬಿಳಿಯರಿಗೆ ಖಾರ ಆಗುವುದಿಲ್ಲ, ಮೊಟ್ಟೆ ಬೇಯಿಸಿಕೊಂಡು ತಿನ್ನುತ್ತಾರೆ ಎಂದು ಹೇಳಿದ್ದನಂತೆ. ಅಂದಿನಿಂದ ಆ ಬಿಳಿಯನಿಗೆ ಬೇರೆ ಮಡಕೆ, ಸಪ್ಪೆ ಸಾರು, ಬೇಯಿಸಿದ ಮೊಟ್ಟೆ. ಎಡೆಗೆ ಇಡುವುದನ್ನು ಮೊದಲು ರುಚಿ ನೋಡುವಂತಿಲ್ಲವಲ್ಲ, ಆದ್ದರಿಂದ ಅತ್ತೆ ಸೌಟನ್ನು ಮೂಗಿನ ಹತ್ತಿರ ಹಿಡಿದು, ಘಾಟು ಇದೆಯೇ ಎಂದು ನೋಡಿ ಬಡಿಸುತ್ತಿದ್ದರು. ನಾನು ಸೊಸೆಯಾಗಿ ಹೋದ ಹೊತ್ತಿಗೆ ಮಗುವಿನ ತಾಯಿ ತೀರಿಕೊಂಡಿದ್ದರು. ಅತ್ತೆ ತೀರಿಕೊಂಡ ಮೇಲೆ ಆ ಮಡಕೆ ನನ್ನ ಪಾಲಿಗೆ ಬಂತು. ನಿಮ್ಮ ತಾತನಿಗೂ ನನಗೂ ಇದ್ದವಳು ನಿಮ್ಮ ಅಮ್ಮ ಒಬ್ಬಳೇ. ತಾತ ಹೋದ ಮೇಲೆ ನಾನು ಇಲ್ಲಿಗೆ ಬಂದಾಗ ಎಡೆ ಇಡುವ ಕೆಲಸವೂ ನನ್ನ ಹಿಂದೆಯೇ ಅಮೆರಿಕಕ್ಕೆ, ಈ ಯೂನಿಯನ್ ಸಿಟಿಗೆ ಬಂತು. ಇಲ್ಲಿ ಫಿಲಿಪೀನ್ಸಿನವರ ಅಂಗಡಿಯಲ್ಲಿ ಬಾಳೆ ಎಲೆ ಫ್ರೀಜರಿನಲ್ಲಿ ಕಲ್ಲಿನ ಹಾಗೆ ಇರುತ್ತದೆ. ಬಿಸಿನೀರು ತೋರಿಸಿದರೆ ಬಿಡಿಸಿಕೊಳ್ಳುತ್ತದೆ.

ಹೋದ ವರ್ಷದ ಹಬ್ಬ ನಿಮಗೆ ನೆನಪಿರಬೇಕು. ಎಡೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ, ಹಿರಿಯರು ಊಟ ಮಾಡಲೆಂದು ನಾವೆಲ್ಲ ಗ್ಯಾರೇಜಿನ ಮುಂದೆ ನಿಂತಿದ್ದೆವು. ಎದುರು ಮನೆಯವರು ನಾಯಿ ಹಿಡಿದುಕೊಂಡು ಹೋಗುತ್ತಾ, ಏನಾದರೂ ತೊಂದರೆಯೇ ಎಂದು ಕೇಳಿದರು. ನಿಮ್ಮ ಅಪ್ಪ ಅವರಿಗೆ ಏನೋ ಸಮಾಧಾನ ಹೇಳಿ ನನ್ನ ಕಡೆ ತಿರುಗಿದರು.

"ನಮ್ಮ ಹುಬ್ಬಳ್ಳಿ ಕಡೆ ಹಿಂಗ ಹೊರಗ ಹಾಕೂದಿಲ್ಲ ನೋಡ್ರಿ ಅತ್ತಿ. ಮನಿ ನಂದು, ಬಿಸಲಾಗ ನಿಂತಾಂವ ನಾನು, ಒಳಗ ಕುಂತು ಉಣ್ಣಾವ್ರು ನಿಮ್ಮ ಮಂದಿ!"

"ಸುಮ್ನಿರಿ, ಒಳಗಡೆ ಕೇಳಿಸುತ್ತೆ," ಎಂದಳು ನಿಮ್ಮ ಅಮ್ಮ, ನಗುತ್ತಲೇ.

ಅಳಿಯನ ಎದುರು ನಿಂತು ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ಸೆರಗು ಸರಿಮಾಡಿಕೊಂಡು ಗುಲಾಬಿ ಗಿಡ ನೋಡುತ್ತಾ ನಿಂತೆ. ಆಗ ದೊಡ್ಡವಳೇ, ನೀನು ಹತ್ತಿರ ಬಂದು ಕೇಳಿದೆ.

"ಅಜ್ಜಿ, ಆ ಸ್ಪೈಸ್ ಇಲ್ಲದ ಲೀಫ್ ಯಾರ್ದು? ತಾತಂದಾ?"

ನಾನು ಹೇಳಿದೆ. ತುಂಡುತುಂಡಾಗಿ, ನಿನಗೆ ತಿಳಿಯುವ ಮಾತು ಹುಡುಕಿಕೊಂಡು. ನಿನ್ನ ತಮ್ಮ ಸ್ಕೂಟರ್ ನಿಲ್ಲಿಸಿ ಬಾಯಿ ತೆರೆದು ಕೇಳಿದ.

"ವೇಟ್, ರಿಯಲ್ ಏರ್‌ಪ್ಲೇನಾ? ನಮ್ಮ ಹೊಲದಲ್ಲಿ?"

"ನಿಜವಾದ ವಿಮಾನವೇ."

"ಅಜ್ಜಿ, ಇದು ಎಲ್ಲೋ ಬರ್ದಿರ್ತಾರೆ. ಐ ವಿಲ್ ಫೈಂಡ್ ಇಟ್," ಎಂದೆ ನೀನು.

ಕೆಲವು ದಿನಗಳ ಮೇಲೆ ನಾನು ಅವರೆಕಾಳು ಹಿಸುಕುತ್ತಿದ್ದಾಗ ನೀನು ಲ್ಯಾಪ್‌ಟಾಪ್ ಎತ್ತಿಕೊಂಡು ಅಡಿಗೆಮನೆಗೆ ಓಡಿ ಬಂದೆ. ಅದರಲ್ಲಿ ಒಂದು ಹಳೆಯ ಕಪ್ಪು ಬಿಳುಪು ಚಿತ್ರ. ಮುರಿದ ವಿಮಾನ, ಚಡ್ಡಿ ಹಾಕಿದ ಸಿಪಾಯಿಗಳು, ಅವರ ಹಿಂದೆ ಒಂದು ಗುಡ್ಡ. ವಿಮಾನ ನನಗೆ ತಿಳಿಯಲಿಲ್ಲ. ಗುಡ್ಡ ತಿಳಿಯಿತು. ಅದರ ನೆತ್ತಿಯ ಮೇಲೆ ಕಾವಿಗೆ ಕೂತ ಕೋಳಿಯ ಹಾಗೆ ಒಂದು ಬಂಡೆ. ನಮ್ಮ ಹೊಲದಲ್ಲಿ ಕಳೆ ಕೀಳುವಾಗ ಬೆನ್ನು ನೋವಾಗಿ ನೆಟ್ಟಗೆ ನಿಂತರೆ ಮೊದಲು ಕಾಣುತ್ತಿದ್ದದ್ದು ಅದೇ ಬಂಡೆ. ಅವರೆಕಾಳು ಹಿಸುಕಿದ ಬೆರಳನ್ನೇ ಬಂಡೆಯ ಮೇಲಿಟ್ಟು ನಿನಗೆ ತೋರಿಸಿದೆ.

ಚಿತ್ರದ ಕೆಳಗಿದ್ದ ಬರಹ ಬರೆದವಳು ಇಂಗ್ಲೆಂಡಿನ ಒಬ್ಬ ಹೆಂಗಸು, ಆ ವಿಮಾನ ಓಡಿಸುತ್ತಿದ್ದವನ ಮಗಳು. ಅಪ್ಪನ ಜೀವನವನ್ನೆಲ್ಲ ಬರೆದು ಹಾಕಿದ್ದಳು. ನೀನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಇಂಜಿನ್ನಿಗೆ ಬೆಂಕಿ ಹತ್ತಿತು. ಅವನು ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ. ಗುಡ್ಡದ ಆಚೆ ಒಂದು ಕೆರೆಯ ಏರಿಯ ಹತ್ತಿರ ಇಳಿದ. ಯಾರೋ ಎತ್ತಿನ ಗಾಡಿಯಲ್ಲಿ ಏರೋಡ್ರಮ್ಮಿಗೆ ಮುಟ್ಟಿಸಿದರು. ಯುದ್ಧ ಮುಗಿದ ಮೇಲೆ ಊರಿಗೆ ಹೋದ, ಮದುವೆಯಾದ, ಮೊಮ್ಮಕ್ಕಳನ್ನು ಕಂಡ. ಹಣ್ಣುಹಣ್ಣು ಮುದುಕನಾಗಿ ಈಚೆಗೆ ತೀರಿಕೊಂಡ.

"ಅಜ್ಜಿ, ಹೀ ಲಿವ್ಡ್! ನೀವೆಲ್ಲ ಬದುಕಿರೋನಿಗೆ ಊಟ ಇಟ್ಟಿದೀರಾ!"

ನಿನಗೆ ಖುಷಿಯಾಗಿತ್ತು. ಆಮೇಲೆ ಇನ್ನೊಂದು ಸಾಲು ಓದಿ ನೀನೇ ಮೆಲ್ಲಗಾದೆ. "ಪ್ಲೇನ್ ಖಾಲಿ ಹೊಲದಲ್ಲಿ ಬಿತ್ತಂತೆ. ಯಾರಿಗೂ ಏನೂ ಆಗಿಲ್ವಂತೆ."

ಸಂಜೆ ನಿಮ್ಮ ಅಪ್ಪ ಊಟಕ್ಕೆ ಕೂತಾಗ ಇದನ್ನು ಕೇಳಿ ನಕ್ಕುಬಿಟ್ಟರು. "ಬದುಕಿದ್ದಾಂವಗ ಎಡಿ ಇಟ್ರ ಆಯುಷ್ಯ ಹೆಚ್ಚಾಗ್ತದ ಅಂತ ಕಾಣ್ತದ. ಮುಂದಿನ ವರ್ಷ ನನಗೂ ಒಂದು ಇಡ್ರಿ ಅತ್ತಿ. ಖಾರ ಇರ್ಲಿ ಮತ್ತ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ತಮಾಷೆ ಮಾಡಿದ್ದು ನನ್ನ ಮುಖ ನೋಡಿಯೇ, ನನ್ನನ್ನು ಹಗುರ ಮಾಡಲೆಂದೇ ಎಂದು ನನಗೆ ಗೊತ್ತಿತ್ತು.

ಸಿಪಾಯಿಗಳು ಕ್ಯಾನ್‌ವಾಸಿನಲ್ಲಿ ಸುತ್ತಿಕೊಂಡು ಹೋದದ್ದು ವಿಮಾನದ್ದೇ ಯಾವುದೋ ಭಾಗವಿರಬೇಕು. ಅವನು ಬದುಕಿದ್ದಕ್ಕೆ ನನಗೆ ಸಂಕಟವಾಗಲಿಲ್ಲ. ಎಲ್ಲೋ ಒಬ್ಬ ತಾಯಿಗೆ ಮಗ ಸಿಕ್ಕಿದ, ಒಳ್ಳೆಯದೇ. ಆದರೆ ಅವನು ಬದುಕಿದ್ದರೆ ಮಗುವಿನ ಜೊತೆ ಯಾರು ಹೋದರು? ಇದೊಂದು ಮಾತು ನನ್ನ ತಲೆಯೊಳಗೆ ಹೊಕ್ಕಿದ್ದು ಹೊರಗೆ ಹೋಗಲಿಲ್ಲ. ಸತ್ತವರು ದಾರಿ ನಡೆಯುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ ಎನ್ನುವುದನ್ನೆಲ್ಲ ನಾನು ನಂಬುತ್ತೇನೋ ಇಲ್ಲವೋ ನನಗೇ ತಿಳಿಯದು. ಆದರೆ ಆ ತಾಯಿ ನಂಬಿ ಬದುಕಿದ್ದರು. ಅತ್ತೆ ನಂಬಿದ್ದರು. ನಾನು ವರ್ಷವರ್ಷವೂ ಸೌಟು ಮೂಗಿಗೆ ಹಿಡಿದು ಬಡಿಸಿದ್ದೆ. ಅದೆಲ್ಲ ಯಾರಿಗೆ ಹೋಯಿತು?

ಬೆಳಿಗ್ಗೆ ನೀವು ಶಾಲೆಗೆ, ನಿಮ್ಮ ಅಮ್ಮ ಎಮರಿವಿಲ್ಲಿನ ಆಫೀಸಿಗೆ ಹೋದ ಮೇಲೆ ನಾನು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಟ್ರೇನ್ ಸ್ಟೇಷನ್ನಿನವರೆಗೆ ನಡೆಯುವುದು, ಅಲ್ಲಿ ಕೂರದೆ ಹಿಂದಕ್ಕೆ ಬರುವುದು, ಮತ್ತೆ ಹೊರಡುವುದು. ಕೊಲ್ಲಿಯ ಮೇಲೆ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿರುತ್ತವಲ್ಲ, ಮೊದಲು ಅವುಗಳನ್ನು ಕತ್ತೆತ್ತಿ ನೋಡಿದವಳೂ ಅಲ್ಲ. ಈಗ ಪ್ರತಿಯೊಂದು ಇಳಿಯುವವರೆಗೂ ನಿಂತು ನೋಡುವಂತಾಯಿತು. ಮಂಡಿ ನೋವು ಜಾಸ್ತಿಯಾಯಿತು. ನಿಮ್ಮ ಅಮ್ಮ ಬೈದಳು.

ನಿನಗೆ ಆ ಹೆಂಗಸಿಗೆ ಬರೆಯಬೇಕೆಂಬ ಹಟ. ಬರೆಯುವುದಕ್ಕೆ ವಿಳಾಸವೂ ಅಲ್ಲೇ ಕೆಳಗಿತ್ತು. ಒಂದು ದಿನ ಒಲೆಯ ಮುಂದೆ ತಾಯಿ ಮಗಳಿಗೆ ಜಗಳವೇ ಆಯಿತು. ನಾನು ಇಬ್ಬರ ನಡುವೆ ಚಪಾತಿ ಲಟ್ಟಿಸುತ್ತಿದ್ದೆ.

"ಅವರಿಗೂ ವಯಸ್ಸಾಗಿರುತ್ತೆ ಕಣೇ. ಈಗ ಹೇಳಿ ಏನಾಗ್ಬೇಕು? ಅವರಪ್ಪ ಬೇಕು ಅಂತ ಮಾಡಿದ್ದಲ್ಲ," ಎಂದಳು ನಿಮ್ಮ ಅಮ್ಮ.

"ಬಟ್ ಇಟ್ಸ್ ನಾಟ್ ಟ್ರೂ, ಅಮ್ಮ! ಯಾರಿಗೂ ಏನೂ ಆಗಿಲ್ಲ ಅಂತ ಹಾಕಿದ್ದಾರೆ. ಶೀ ಡೈಡ್!"

"ಕೂಗ್ಬೇಡ. ಅದು ನಮ್ಮನೆ ವಿಷಯ, ನಮ್ಮನೇಲಿ ಇರ್ಲಿ."

"ದೆನ್ ಆಸ್ಕ್ ಅಜ್ಜಿ! ಅವಳೇ ಹೇಳ್ಲಿ."

ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಮಾತಿನ ಮೇಲೆ ಒಂದು ಕೆಲಸ ನಿಲ್ಲುವುದು ನನಗೆ ರೂಢಿಯಿಲ್ಲದ್ದು. "ಚಪಾತಿ ಸೀದು ಹೋಗುತ್ತೆ ನೋಡು," ಎಂದೆ. ಅಷ್ಟೇ ಬಂತು ಬಾಯಿಗೆ. ನೀನು ಕಾಲು ಅಪ್ಪಳಿಸಿಕೊಂಡು ಮೇಲೆ ಹೋದೆ.

ನಿಮ್ಮ ಅಮ್ಮನ ಮಾತು ನನಗೆ ಸರಿಯೆನಿಸುತ್ತಿತ್ತು. ತನ್ನ ತಂದೆಯನ್ನು ಪ್ರೀತಿಯಿಂದ ನೆನೆಯುತ್ತಿರುವ ಒಬ್ಬ ಮುದುಕಿಯ ಎದೆಗೆ ಕಲ್ಲು ಹಾಕುವುದೇಕೆ? ಇಲ್ಲಿ ಚಳಿಗಾಲಕ್ಕೆ ಬರುವ ಮಳೆ ಕಳೆಯಿತು, ಬೆಟ್ಟಗಳು ಹಸಿರಾಗಿ ಮತ್ತೆ ಒಣಗತೊಡಗಿದವು. ನಾನು ಹೇಳಲೂ ಇಲ್ಲ, ಬಿಡಲೂ ಇಲ್ಲ. ಬಟ್ಟೆ ಮಡಿಸಿದ್ದನ್ನೇ ಬಿಚ್ಚಿ ಮಡಿಸುತ್ತಿದ್ದೆ. ಆಮೇಲೆ ಒಂದು ಭಾನುವಾರ, ಆ ಬರಹವನ್ನು ಪೂರ್ತಿ ಒಂದು ಸಲ ಓದಿ ಹೇಳೆಂದು ನಿನ್ನನ್ನು ಕೇಳಿದೆ. ಮೊದಲ ಸಲ ನೀನು ಅರ್ಧದಲ್ಲಿ ಬಿಟ್ಟಿದ್ದೆ. ಕೊನೆಯಲ್ಲಿ ಅವಳು ಬರೆದಿದ್ದಳು: ಪ್ರತಿ ವರ್ಷ ವಿಮಾನ ಬಿದ್ದ ದಿನ ಬಂದಾಗ ಅಪ್ಪ ಒಂದು ಲೋಟ ಮದ್ಯ ಕೈಗೆತ್ತಿಕೊಂಡು, ಆ ಖಾಲಿ ಹೊಲದ ನೆನಪಿಗೆ, ಎಂದು ಹೇಳಿ ಕುಡಿಯುತ್ತಿದ್ದರು. ಅವರು ಹೋದ ಮೇಲೂ ನಾವು, ನಮ್ಮ ಮಕ್ಕಳು ಅದನ್ನು ನಡೆಸಿಕೊಂಡು ಬರುತ್ತಿದ್ದೇವೆ.

ನಾನು ಎದ್ದು ಕಿಟಕಿಯ ಹತ್ತಿರ ಹೋದೆ, ಮತ್ತೆ ಬಂದು ಕೂತೆ.

ಅವರ ಮನೆಯಲ್ಲೂ ವರ್ಷಕ್ಕೊಮ್ಮೆ ನಮ್ಮ ಹೊಲವನ್ನು ನೆನೆಯುತ್ತಾರೆ. ಇನ್ನು ಮುಂದೆಯೂ ನೆನೆಯುತ್ತಾರೆ. ಖಾಲಿ ಎಂದು ನೆನೆಯುತ್ತಾರೆ. ಟೋಪಿ ತೆಗೆದು ನಿಂತ ಆಫೀಸರು ಹಿಂದಕ್ಕೆ ಹೋಗಿ ಅವನಿಗೆ ಹೇಳಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಹುಡುಗ ನೊಂದುಕೊಂಡಾನೆಂದು ಮುಚ್ಚಿಟ್ಟರೋ, ಮತ್ತೆ ವಿಮಾನ ಹತ್ತದೆ ಹೋದಾನೆಂದು ಮುಚ್ಚಿಟ್ಟರೋ, ಯಾರಿಗೆ ಗೊತ್ತು. ಅವರು ಹೇಳಲಿಲ್ಲ, ಊರಿನವರಿಗೆ ಹೇಳಲು ಅವನು ಸಿಗಲಿಲ್ಲ. ಈಗ ಹೇಳುವುದಕ್ಕೆ ಉಳಿದಿರುವವಳು ನಾನೊಬ್ಬಳು. ನಾನೂ ಬಾಯಿ ಮುಚ್ಚಿಕೊಂಡು ಹೋದರೆ ಆ ಹೊಲ ಖಾಲಿಯೇ ಆಗಿಬಿಡುತ್ತದೆ.

"ಬರಿ," ಎಂದೆ.

"ರಿಯಲಿ? ಅಮ್ಮ?"

"ನಿಮ್ಮಮ್ಮಂಗೆ ನಾನು ಹೇಳ್ತೀನಿ. ಮೊದ್ಲು ಅವರಪ್ಪಂಗೆ ನಾವು ಊಟ ಇಡ್ತಿದ್ದಿದ್ದು ಬರಿ. ಮಗು ವಿಷಯ ಆಮೇಲೆ."

"ಸ್ಪೈಸ್ ಹಾಕಲ್ಲ ಅಂತಾನೂ?"

"ಅದನ್ನೂ ಬರಿ. ಮೊಟ್ಟೆ ಬೇಯಿಸಿ ಇಡ್ತೀವಿ ಅಂತ ಬರಿ. ಅವರ ಮೇಲೆ ನಮಗೆ ಸಿಟ್ಟಿಲ್ಲ ಅಂತ ಬರಿ."

"ಸಿಟ್ಟಿಲ್ವಾ ಅಜ್ಜಿ?"

"ಅವರ ಮೇಲೆ ಇಲ್ಲ."

ನಿಮ್ಮ ಅಮ್ಮನಿಗೆ ಹೇಳಿದಾಗ ಅವಳು, "ನೀನೇ ಹೇಳಿದ್ಯಾ ಬರಿ ಅಂತ? ನೀನೇ?" ಎಂದು ಎರಡು ಸಲ ಕೇಳಿದಳು. ನಿಮ್ಮ ಅಪ್ಪ ಮಾತ್ರ, "ಅತ್ತಿ ಬಾಯಿ ತಗದ್ರಪಾ ಅಂತೂ!" ಎಂದರು.

ಬರೆದು ಕಳಿಸಿದ ಮೇಲೆ ಇನ್ನೂ ಕಷ್ಟವಾಯಿತು. ನೀನು ಶಾಲೆಯಿಂದ ಬಂದು ಬ್ಯಾಗ್ ಇಳಿಸುವ ಮೊದಲೇ ನಾನು "ಬಂತಾ?" ಎಂದು ಕೇಳುತ್ತಿದ್ದೆ. "ಇಲ್ಲ ಅಜ್ಜಿ." ಬೇಸಿಗೆ ರಜೆ ಬಂತು. "ಇಲ್ಲ ಅಜ್ಜಿ." ಆ ಮುದುಕಿಗೆ ಏನಾದರೂ ಆಯಿತೋ, ಓದಿ ಅತ್ತಳೋ, ನಮ್ಮನ್ನು ಸುಳ್ಳರೆಂದುಕೊಂಡಳೋ. ಮಾಡಬಾರದ್ದನ್ನು ಮಾಡಿಸಿದೆನೆಂದು ಒಂದು ದಿನ ಅನಿಸಿದರೆ, ಮಾರನೆಯ ದಿನ ಮೊದಲೇ ಏಕೆ ಮಾಡಿಸಲಿಲ್ಲ ಎನಿಸುತ್ತಿತ್ತು.

ಉತ್ತರ ಬಂದದ್ದು ಹೋದ ವಾರ. ಚಿಕ್ಕದು. ನೀನು ಓದಿ ಹೇಳಿದೆ: ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ಹೊಲ ಖಾಲಿಯಿತ್ತೆಂದು ಅಪ್ಪನಿಗೆ ಅವರ ಮೇಲಿನವರು ಹೇಳಿದ್ದರು, ಅಪ್ಪ ಅದನ್ನು ನಂಬಿದ್ದರು. ನನ್ನ ತಮ್ಮನಿಗೆ ಇನ್ನೂ ಹೇಳಿಲ್ಲ, ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ನಾನು ಬರೆದ ಆ ಸಾಲನ್ನು ತೆಗೆದಿದ್ದೇನೆ, ಆ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯುತ್ತಿಲ್ಲ. ಅವಳ ಹೆಸರೇನು?

ಓದಿ ಮುಗಿಸಿ ನೀನು ನನ್ನ ಕಡೆ ತಿರುಗಿದೆ.

ಹೆಸರು ನನಗೆ ಗೊತ್ತಿಲ್ಲ. ಹಾಗೆ ಹೋದ ಮಗುವಿನ ಹೆಸರನ್ನು ಆ ಮನೆಯಲ್ಲಿ ಯಾರೂ ಬಾಯಿಂದ ಆಡುತ್ತಿರಲಿಲ್ಲ. ಅತ್ತೆಯ ಬಾಯಲ್ಲಿ ಯಾವಾಗಲೂ "ಅವಳು", ಇಲ್ಲವೇ "ಕೂಸು". ಬೇರೆ ಮನೆಯಿಂದ ಬಂದ ಸೊಸೆ ಅದನ್ನು ಕೆದಕಿ ಕೇಳುವ ಹಾಗಿರಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ, ಕೂಸು ಎಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತಲ್ಲ. ನಿಮ್ಮ ಅಮ್ಮ ಕೂಡಲೇ ಊರಿನಲ್ಲಿರುವ ನನ್ನ ವಾರಗಿತ್ತಿಗೆ ಫೋನು ಮಾಡಿ ಕೊಟ್ಟಳು.

"ಅಯ್ಯೋ ಅಕ್ಕ, ಕೂಸು ಅಂತಲೇ ಅಲ್ವಾ ಅಂತಿದ್ದಿದ್ದು? ನಂಗೆಲ್ಲಿಂದ ಗೊತ್ತಾಗ್ಬೇಕು? ಗೊತ್ತಿದ್ದೋರೆಲ್ಲ ಹೋದ್ರು. ಈಗ್ಯಾಕೆ ಅದೆಲ್ಲ, ಯಾರಿಗಾದ್ರೂ ಹುಷಾರಿಲ್ವಾ?"

ಏನೂ ಇಲ್ಲವೆಂದು ಹೇಳಿ ಇಟ್ಟೆ. ನಾಲ್ಕು ದಿನ ಬಿಟ್ಟು ಅವಳೇ ಮತ್ತೆ ಫೋನು ಮಾಡಿದಳು. ಊರಿನ ಹಳಬರನ್ನು ಕೇಳಿ ನೋಡಿದಳಂತೆ. ವಿಮಾನ ಬಿದ್ದದ್ದು ಅವರಿಗೆ ಗೊತ್ತು, ಮಗುವಿನ ಹೆಸರು ಯಾರಿಗೂ ಗೊತ್ತಿಲ್ಲ.

ನಿನ್ನೆ ಮಧ್ಯಾಹ್ನ ನೀನು ಉತ್ತರ ಬರೆಯಲು ಕೂತೆ. ಅಮಾವಾಸ್ಯೆ ಬರುತ್ತಿದೆ. ಈ ಸಲವೂ ಎರಡೂ ಎಲೆ ಹಾಕುತ್ತೇನೆಂದು ನಾನು ಅಷ್ಟು ಹೊತ್ತಿಗೆ ನಿಶ್ಚಯ ಮಾಡಿದ್ದೆ. ಇಷ್ಟು ವರ್ಷ ಅವನಿಗೆ ಇಟ್ಟದ್ದು ಅವನಿಗೆ ಮುಟ್ಟಿರಲಾರದು. ಈಗ ಮುಟ್ಟುವ ಜಾಗದಲ್ಲಿದ್ದಾನೆ.

"ಏನ್ ಟೈಪ್ ಮಾಡ್ಲಿ, ಅಜ್ಜಿ?"

"ಹೆಸರು ಗೊತ್ತಿಲ್ಲ ಅಂತ ಬರಿ."

"ಹಾಗೇನಾ? ಜಸ್ಟ್ ಲೈಕ್ ದಟ್?"

"ಹಾಗೇ. ಇರೋದು ಅದೇ ತಾನೆ. ಕೂಸು ಅಂತ ಕರೀತಿದ್ವಿ ಅಂತ ಬರಿ. ಹಾಗಂದ್ರೆ ಮಗು ಅಂತ ಅರ್ಥ, ಅದನ್ನೂ ಹೇಳು. ಮೇಕೆ ಮೇಯಿಸ್ತಿದ್ಲು, ನಮ್ಮತ್ತೇನ ನೋಡಿ ಕೈ ಬೀಸಿದ್ಲು ಅಂತ ಬರಿ."

ನೀನು ಬರೆದೆ. ನಾನು ನಿನ್ನ ಕುರ್ಚಿಯ ಹಿಂದೆ ಆ ಕಡೆ ಈ ಕಡೆ ನಡೆಯುತ್ತಿದ್ದೆ.

"ಇನ್ನೊಂದು ಬರಿ. ಅವರಪ್ಪ ಈಗ ಅಲ್ಲಿಗೆ ಹೋಗಿದ್ದಾರಲ್ಲ. ಇಷ್ಟು ದಿನ ಅವ್ರಿಗೆ ಗೊತ್ತಿರ್ಲಿಲ್ಲ, ಹೋಗ್ಲಿ. ಈಗ ಸ್ವಲ್ಪ ಹುಡುಕ್ಕೊಂಡು ಹೋಗಿ ನಮ್ ಮಗೀನ ನೋಡ್ಕೊಳ್ಳೋಕೆ ಹೇಳ್ಬೇಕಂತ ಆಯಮ್ಮಂಗೆ ಬರಿ. ಮಗಳು ಹೇಳಿದ್ರೆ ಕೇಳ್ತಾರೆ."

ನಿನ್ನ ಬೆರಳು ನಿಂತವು. "ಅಜ್ಜಿ, ಇದನ್ನ ಇಂಗ್ಲಿಷಲ್ಲಿ ಹೆಂಗ್ ಹೇಳೋದು?"

"ನಂಗೇನು ಗೊತ್ತು ತಾಯಿ. ಹೆಂಗಾದ್ರೂ ಹೇಳು."